ಮೂವತ್ತು ಮಳೆಗಾಲ, ಒಂದೇ ಕಾಂಟೆಸ್ಸಾ

ನಮ್ಮ ಕಾಂಟೆಸ್ಸಾ ಕಾರು ಮನೆಗೆ ಬಂದದ್ದು 1995ರಲ್ಲಿ. ಅದರ ಹಿಂದಿನ ವರ್ಷ ಬ್ರೆಜಿಲ್‌ನಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋಗಿದ್ದವು. ಇಲ್ಲಿ ನಮ್ಮ ಕಾಫಿಗೆ ಬೆಲೆ ಬಂತು. ಆ ದುಡ್ಡಲ್ಲಿ ಅಕ್ಕಪಕ್ಕದವರು ಮನೆಗೆ ಟೈಲ್ಸ್ ಹಾಕಿಸಿದರು, ನಾನು ಕಾರು ತಂದೆ. ಜೀಪ್ ಇದೆಯಲ್ಲ, ಇದು ಯಾಕೆ ಅಂತ ಅಪ್ಪ ಒಂದು ತಿಂಗಳು ಅದರಲ್ಲಿ ಕೂರಲೇ ಇಲ್ಲ.

ಈಗ ಊರಿನ ಹುಡುಗರು ಅದನ್ನು 'ಮಸಲ್ ಕಾರ್', ಅಂದರೆ ದೊಡ್ಡ ಎಂಜಿನ್ನಿನ ಅಮೆರಿಕದ ಕಾರು, ಅನ್ನುತ್ತಾರೆ. ಉದ್ದ ಬಾನೆಟ್, ನಾಲ್ಕು ದುಂಡು ಲೈಟ್ ನೋಡಿ ಹಾಗೆ ಅನಿಸುವುದು ಸಹಜ. ಅಸಲಿಗೆ ಅದು ಇಂಗ್ಲೆಂಡಿನ ವಾಕ್ಸಾಲ್ ವಿಕ್ಟರ್ ಕಾರಿನ ದೇಹ. ಹಿಂದುಸ್ತಾನ್ ಮೋಟಾರ್ಸ್‌ನವರು 1984ರಿಂದ 2002ರವರೆಗೆ ಮಾಡಿದರು. ಮೊದಮೊದಲು ಅದಕ್ಕೆ ಅಂಬಾಸಿಡರ್‌ನ ಒಂದೂವರೆ ಲೀಟರ್ ಎಂಜಿನ್ನನ್ನೇ ಕೂರಿಸಿದ್ದರು. ಆನೆಗೆ ಆಡಿನ ಕಾಲು ಕೊಟ್ಟ ಹಾಗೆ. ಆಮೇಲೆ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರ್ ಬಂತು. ನನ್ನದು ಅದು. ನೀವು ಈಗ ಹುಡುಕುವುದಾದರೂ ಅದನ್ನೇ ಹುಡುಕಿ. ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಬಗ್ಗಿ ಅಡಿ ನೋಡಿ. ಎಂಜಿನ್ ಕೆಟ್ಟರೆ ಮಾಡಿಸಬಹುದು. ತುಕ್ಕು ತಿಂದ ದೇಹಕ್ಕೆ ಕಂಪನಿಯ ರೆಡಿ ಭಾಗ ಸಿಗುವುದು ಕಷ್ಟ.

ಕೊಡಗಿನ ಮಾದಾಪುರದ ಹತ್ತಿರ ನಮ್ಮ ಕಾಫಿ ತೋಟ. ಇಲ್ಲಿ ಕಾರನ್ನು ಕೊಲ್ಲುವುದು ಓಡಾಟ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಲ್ಲಿ ಸುಮ್ನೆ ನಿಲ್ಲುವುದು. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. 1999ರಲ್ಲಿ ಮಳೆ ಹಿಡಿಯುವ ಮೊದಲು ಕಾರಿಗೆ ನೀಲಿ ಟಾರ್ಪಲ್ ಹೊದಿಸಿ, ಸುತ್ತ ಹಗ್ಗ ಬಿಗಿದು, ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ. ಸೆಪ್ಟೆಂಬರ್‌ನಲ್ಲಿ ನಮ್ಮ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಬಿಚ್ಚಿದರೆ ಸೀಟಿನ ಮೇಲೆ ಬಿಳಿ ಬೂಸ್ಟು, ಮ್ಯಾಟ್ ಕೆಳಗೆ ನೀರು, ಏರ್ ಕ್ಲೀನರ್ ಒಳಗೆ ಇಲಿ ಸಂಸಾರ. ಕಾಫಿ ಸಿಪ್ಪೆ ತಂದು ಮೆತ್ತಗೆ ಹಾಸಿಗೆ ಮಾಡಿಕೊಂಡಿತ್ತು, ಪಾಪ. ಪ್ಲಾಸ್ಟಿಕ್ ಹೊದಿಸಿದರೆ ನೆಲದಿಂದ ಏಳುವ ತೇವ ಒಳಗೇ ಕೂರುತ್ತದೆ. ಮೇಲೆ ಶೀಟ್ ಇದ್ದು ಎರಡು ಕಡೆ ಗಾಳಿ ಆಡುವ ಶೆಡ್ ಸಾಕು. ಹೊದಿಸಲೇಬೇಕಾದರೆ ಹಳೇ ಬೆಡ್‌ಶೀಟ್ ಹೊದಿಸಿ.

ಆ ನೀರು ಎಲ್ಲಿಂದ ಬಂತು ಅಂತ ಹುಡುಕಲು ನನಗೆ ಎರಡು ವರ್ಷ ಬೇಕಾಯಿತು. ಬಾಗಿಲಿನ ಬೀಡಿಂಗ್ ಬದಲಿಸಿದೆ, ಮುಂದಿನ ಗಾಜು ಬಿಚ್ಚಿ ಕೂರಿಸಿದೆ. ಕೊನೆಗೆ ಕಳ್ಳ ಸಿಕ್ಕಿದ್ದು ಸಿಲ್ವರ್ ಓಕ್ ಎಲೆ. ಗಾಜಿನ ಬುಡದಲ್ಲಿ, ವೈಪರ್ ಹತ್ತಿರ ಗಾಳಿ ಒಳಗೆ ಹೋಗುವ ಜಾಲರಿ ಇದೆಯಲ್ಲ, ಅದರ ಕೆಳಗೆ ನೀರು ಇಳಿಯಲು ತೂತು ಇರುತ್ತದೆ. ಎಲೆ ಬಿದ್ದು, ಕೊಳೆತು, ತೂತು ಮುಚ್ಚಿಕೊಂಡು, ನೀರೆಲ್ಲ ಕಾಲಿಡುವ ಜಾಗಕ್ಕೆ ಇಳಿಯುತ್ತಿತ್ತು. ಮೇ ಕೊನೆಯಲ್ಲಿ ಸೈಕಲ್ಲಿನ ಬ್ರೇಕ್ ತಂತಿ ಹಾಕಿ ಆ ತೂತು ಬಿಡಿಸಿ, ಒಂದು ಚೊಂಬು ನೀರು ಸುರಿದು ನೋಡಿ. ನೀರು ಚಕ್ರದ ಹತ್ತಿರ ನೆಲಕ್ಕೆ ಬೀಳಬೇಕು. ಬಾಗಿಲಿನ ಅಡಿಯ ತೂತುಗಳಿಗೂ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಗೂ ಇದೇ ಪರೀಕ್ಷೆ. ಐದು ನಿಮಿಷದ ಕೆಲಸ. ಮಾಡದಿದ್ದರೆ ಮೂರೇ ವರ್ಷದಲ್ಲಿ ಕಾರಿನೊಳಗಿಂದಲೇ ರಸ್ತೆ ಕಾಣುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಶೆಡ್ಡಿನಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ ಅನ್ನುವವರು ಜಾಸ್ತಿ. ಅದರಿಂದ ಉಪಯೋಗಕ್ಕಿಂತ ಕೇಡೇ ಹೆಚ್ಚು. ಎಂಜಿನ್ ಪೂರ್ತಿ ಕಾಯುವುದಿಲ್ಲ. ಹೊಗೆಯ ನೀರು ಸೈಲೆನ್ಸರ್ ಒಳಗೇ ಉಳಿದು ಅದನ್ನು ಒಳಗಿನಿಂದ ತಿನ್ನುತ್ತದೆ. ನಾನು ಹದಿನೈದು ದಿನಕ್ಕೊಮ್ಮೆ, ಮಳೆ ಸ್ವಲ್ಪ ಬಿಟ್ಟ ದಿನ ನೋಡಿ, ಸುಂಟಿಕೊಪ್ಪ ದಾಟಿ ಕುಶಾಲನಗರಕ್ಕೆ ಹೋಗುತ್ತೇನೆ. ನಮ್ಮಲ್ಲಿ ಧೋ ಎಂದು ಸುರಿಯುವಾಗ ಅಲ್ಲಿ ಎಷ್ಟೋ ಸಲ ಬಿಸಿಲು. ನಾಲ್ಕೂ ಬಾಗಿಲು ತೆರೆದು, ಕಾಫಿ ಕುಡಿದು, ಸಾಮಾನು ಕೊಂಡು ಬರುತ್ತೇನೆ. ಕಾರು ಒಣಗುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತದೆ, ಮನೆಯಲ್ಲಿ ಬೈಗುಳವೂ ಕಡಿಮೆ. ವಾಪಸ್ ಬಂದು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ತೇವಕ್ಕೆ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿಗೆ ಬ್ರೇಕ್ ಲೈನರ್ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಇಟ್ಟು, ಚಕ್ರಕ್ಕೆ ಮರದ ತುಂಡು ಕೊಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಕಡೆ ರಸ್ತೆ, ಕರೆಂಟು ಎರಡೂ ಇಲ್ಲದ ದಿನಗಳಲ್ಲಿ ಕಾರಿನ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಎಷ್ಟೋ ವಾರ ಬಿಟ್ಟು ಶೆಡ್ಡಿಗೆ ಹೋದರೆ ಬ್ಯಾಟರಿ ಸತ್ತಿತ್ತು, ಚಕ್ರ ಮಾತ್ರ ಸಲೀಸಾಗಿ ತಿರುಗಿತು.

ಇಲಿಗೆ ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಇಟ್ಟು ನೋಡಿದ್ದೇನೆ. ಬೆಕ್ಕು ಸಾಕಿ.

ದೀಪಾವಳಿ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ. ಕೊಯ್ಲು ಜೋರಾಗುವ ಮೊದಲು ಹತ್ತು ಹದಿನೈದು ದಿನ ಕಾಫಿ ಕಣ ಖಾಲಿ. ಆ ಕಣ ಕಾರಿನದು. ಮ್ಯಾಟ್, ಹಿಂದಿನ ಸೀಟು, ಸ್ಟೆಪ್ನಿ ಎಲ್ಲ ಹೊರಗೆ ಹಾಕಿ, ಬಾಗಿಲು, ಡಿಕ್ಕಿ ತೆರೆದು ಒಂದು ವಾರ ಬಿಸಿಲಿಗೆ ಬಿಡುತ್ತೇನೆ. ಆಮೇಲೆ ಅಡಿಗೆ ನುಗ್ಗಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡುವುದು. ಟಣ್ ಅಂದರೆ ಒಳ್ಳೆಯದು, ಡಬ್ ಅಂದರೆ ಒಳಗೆ ತುಕ್ಕು. ಒಮ್ಮೆ ಒಬ್ಬ ಗ್ಯಾರೇಜಿನವನು ತುಕ್ಕಿನ ಮೇಲೆಯೇ ಪಟ್ಟಿ ಹಚ್ಚಿ, ಚೆನ್ನಾಗಿ ಬಣ್ಣ ಬಳಿದು, ಪೂರ್ತಿ ದುಡ್ಡು ತೆಗೆದುಕೊಂಡ. ಎರಡನೇ ಮಳೆಗಾಲಕ್ಕೆ ಬಣ್ಣ ಹಪ್ಪಳದ ಹಾಗೆ ಎದ್ದಿತು. ತುಕ್ಕು ಹಿಡಿದ ಭಾಗ ಕತ್ತರಿಸಿ ತೆಗೆದು ಹೊಸ ತಗಡು ಬೆಸುಗೆ ಹಾಕಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಅಂಡರ್‌ಕೋಟಿಂಗ್, ಅಂದರೆ ಅಡಿಗೆ ತುಕ್ಕು ತಡೆಯುವ ಲೇಪನ, ಮಾಡಿಸುವುದಾದರೂ ಕಾರು ಒಣಗಿದ ಮೇಲೆಯೇ. ಮೇ ತಿಂಗಳ ಕೊನೇ ವಾರ ಅವಸರದಲ್ಲಿ ಹೊಡೆಸಿದರೆ ತೇವವನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ. ಕೆಲವರು ಹಳೇ ಎಂಜಿನ್ ಆಯಿಲ್ ಬಳಿಯುತ್ತಾರೆ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸುತ್ತದೆ, ಬ್ರೇಕಿಗೆ ತಾಗಿದರೆ ಕಥೆ ಮುಗಿಯಿತು.

ಇತ್ತೀಚಿನ ತಲೆನೋವು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ನಮ್ಮ ಕಾಲದ ರಬ್ಬರ್ ಪೈಪುಗಳು ಅದಕ್ಕೆ ಹೇಳಿ ಮಾಡಿಸಿದ್ದಲ್ಲ. ಮೆತ್ತಗಾಗಿ ಬಿರುಕು ಬಿಡುತ್ತವೆ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ, ಕೆಳಗೆ ಬಿಸಿ ಎಂಜಿನ್ ಇದೆ. ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಎಥನಾಲ್ ತಡೆಯುವ ಪೈಪು ಹಾಕಿಸಿ, ಪಂಪಿನ ಡಯಾಫ್ರಮ್ ಬದಲಿಸಿ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ ಬೇರೆ. ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ತಳದಲ್ಲಿ ನೀರು ಕೂರುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ತುಂಬಿರಲಿ.

ಓಡಿಸುವ ವಿಷಯ. ಇದು ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಕಾರು. ಮುಂದೆ ಭಾರ, ಹಿಂದೆ ಹಗುರ. ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಾಲ ಬೀಸುತ್ತದೆ. ನಾನು ಒಬ್ಬನೇ ಹೋಗುವಾಗ ಡಿಕ್ಕಿಯಲ್ಲಿ 50 ಕೆಜಿಯ ಒಂದು ಚೀಲ ಹಾಕಿಕೊಳ್ಳುತ್ತೇನೆ. ಕಾಫಿಯೋ ಗೊಬ್ಬರವೋ, ಕಾರಿಗೆ ಭೇದ ಇಲ್ಲ. ಸಂಪಾಜೆ ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಹತ್ತುವಾಗ ಟೆಂಪರೇಚರ್ ಮುಳ್ಳು ಏರಿದರೆ ತೊರೆಯ ನೀರು ತುಂಬಬೇಡಿ, ಕೂಲೆಂಟ್ ಡಬ್ಬ ಜೊತೆಗಿರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯುವ ಧೈರ್ಯವೂ ಬೇಡ.

2002ರಲ್ಲಿ ಕಾಂಟೆಸ್ಸಾ ತಯಾರಿಕೆ ನಿಂತುಹೋದ ಸುದ್ದಿ ಬಂದಾಗ ಕಾಫಿ ಬೆಲೆಯೂ ನೆಲ ಕಚ್ಚಿತ್ತು. ಕಾರು ಮಾರಲು ಒಬ್ಬರ ಜೊತೆ ಮಾತಾಡಿಯೂ ಆಗಿತ್ತು. ಅವರು ಹೇಳಿದ ರೇಟು ಕೇಳಿ ಸಿಟ್ಟು ಬಂದು, ಅದೇ ವಾರ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗಿ ಸಿಕ್ಕ ಸಾಮಾನೆಲ್ಲ ಕೊಂಡು ತಂದೆ. ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ, ಅದೂ ಸಿಟ್ಟಿನಲ್ಲಿ. ಆಮೇಲೆ ಒಂದು ಗುಜರಿ ಕಾಂಟೆಸ್ಸಾ ಇಡಿಯಾಗಿ ಕೊಂಡು ಬಿಚ್ಚಿಟ್ಟೆ. ಎಂಜಿನ್ ಸಾಮಾನಿಗಿಂತ ಗಾಜು, ಲೈಟು, ಬಾಗಿಲ ಹಿಡಿ, ಬೀಡಿಂಗ್ ಮೊದಲು ಕೂಡಿಡಿ. ಮುಂದಿನ ಗಾಜು ಕಂಬಳಿ ಸುತ್ತಿ ಹಾಸಿಗೆಯ ಕೆಳಗಿದೆ. ಏನೇನು ಯಾವಾಗ ಬದಲಿಸಿದೆ ಅಂತ ತೋಟದ ಆಳುಗಳ ಹಾಜರಿ ಬರೆಯುವ ಹಳೇ ಚೆಕ್‌ರೋಲ್ ಪುಸ್ತಕದಲ್ಲಿ ಬರೆದಿಡುತ್ತೇನೆ.

ಕಾಗದಪತ್ರ ಮರೆಯಬೇಡಿ. ಹದಿನೈದು ವರ್ಷ ಆದ ಮೇಲೆ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಚಾಸಿ ನಂಬರ್ ಮೇಲೆ ತುಕ್ಕು ಬಂದು ಅಕ್ಷರ ಅಳಿಸಿದರೆ ತಪಾಸಣೆಯಲ್ಲಿ ಒದ್ದಾಟ. ವರ್ಷಕ್ಕೊಮ್ಮೆ ಅಲ್ಲಿಗೆ ಸ್ವಲ್ಪ ಗ್ರೀಸ್ ಸವರಿ. ವಿಂಟೇಜ್ ಅಂತ ಬರೆಸೋಣ ಅಂದರೆ ಅದಕ್ಕೆ 50 ವರ್ಷ ದಾಟಬೇಕು. ನನ್ನದಕ್ಕೆ 2045. ಆಗ ಕಾರಿಗಿಂತ ನನ್ನ ಫಿಟ್‌ನೆಸ್ ಸರ್ಟಿಫಿಕೇಟ್ ಕಷ್ಟ, ಅಲ್ವಾ?

ಸದ್ಯ ಹಿಂದಿನ ಎಡ ಬಾಗಿಲಿನ ಬೀಡಿಂಗ್ ಸಡಿಲ ಆಗಿದೆ. ಗುಜರಿ ಕಾರಿನದು ತೊಳೆದು ಇಟ್ಟಿದ್ದೇನೆ. ತೇವದಲ್ಲಿ ಗಮ್ ಹಿಡಿಯುವುದಿಲ್ಲ. ಕಣ ಒಣಗಲಿ ಅಂತ ಕಾಯುತ್ತಿದ್ದೇನೆ.