3,35,50,336: ಈ ಸಂಖ್ಯೆಯ ಜಾತಕ ಬಿಡಿಸುವುದು ಹೇಗೆ?

ಎಂಟಂಕಿಯ ಸಂಖ್ಯೆಯೊಂದನ್ನು ಮುಂದಿಟ್ಟು ‘ಇದರ ಗುಣಲಕ್ಷಣ ಹೇಳಿ’ ಎಂದರೆ ಕೈ ತಾನಾಗಿಯೇ ಕ್ಯಾಲ್ಕುಲೇಟರ್ ಹುಡುಕುತ್ತದೆ. ಅದನ್ನು ಬದಿಗಿಡಿ. ಹಾಳೆ, ಪೆನ್ನು ಸಾಕು. ಇಲ್ಲಿ 3,35,50,336 ಅನ್ನೇ ಹಿಡಿಯೋಣ.

ಮೊದಲು ನೋಡಿದೊಡನೆ ತಿಳಿಯುವುದನ್ನು ಬರೆದುಕೊಳ್ಳಿ. ಕೊನೆಯ ಅಂಕಿ 6, ಆದ್ದರಿಂದ ಇದು ಸಮಸಂಖ್ಯೆ, 5ರಿಂದ ಭಾಗವಾಗದು. ಅಂಕಿಗಳನ್ನೆಲ್ಲ ಕೂಡಿದರೆ 28. ಅದು 3ರ ಮಗ್ಗಿಯಲ್ಲಿಲ್ಲ, ಹಾಗಾಗಿ 3, 6, 9 ಮೂರನ್ನೂ ಹೊಡೆದುಹಾಕಿ. ಕೊನೆಯ ನಾಲ್ಕು ಅಂಕಿಗಳಾದ 0336 ಅನ್ನು 16ರಿಂದ ಭಾಗಿಸಿದರೆ ಸರಿಯಾಗಿ 21. ಹತ್ತು ಸಾವಿರವೂ 16ರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ಭಾಗವಾಗಲೇಬೇಕು. ಒಳಗೆ ಎರಡುಗಳ ದಂಡೇ ಇದೆ ಎಂಬುದಕ್ಕೆ ಇದು ಸುಳಿವು.

ಇನ್ನು ಅರ್ಧ ಮಾಡುತ್ತಾ ಹೋಗಿ: 1,67,75,168, 83,87,584, 41,93,792, 20,96,896, 10,48,448, 5,24,224, 2,62,112, 1,31,056, 65,528, 32,764, 16,382, 8,191. ಹನ್ನೆರಡು ಸಲ ಭಾಗಿಸಿದ ಮೇಲೆ ಬೆಸಸಂಖ್ಯೆ ಬಂತು, ನಿಲ್ಲಿಸಿ.

ಕಸರತ್ತು ಇರುವುದು ಈ 8191ರಲ್ಲಿ. ಇದು ಅವಿಭಾಜ್ಯವೇ? ಇದರ ವರ್ಗಮೂಲ 90ಕ್ಕಿಂತ ಚೂರು ಹೆಚ್ಚು. ಹಾಗಾಗಿ 3ರಿಂದ 89ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವೂ 23 ಇವೆ, ಬೇಸರದ ಕೆಲಸ. ಆದರೆ 8191 ಎಂದರೆ 2ರ 13ನೇ ಘಾತಕ್ಕಿಂತ ಒಂದು ಕಡಿಮೆ ಎಂಬುದನ್ನು ಗಮನಿಸಿದಿರಾ? 13 ಬೆಸ ಅವಿಭಾಜ್ಯವಾದ್ದರಿಂದ 17ನೇ ಶತಮಾನದ ಫ್ರಾನ್ಸಿನ ಗಣಿತಜ್ಞ ಫರ್ಮಾ ಕಂಡುಕೊಂಡ ಉಪಾಯ ಇಲ್ಲಿ ನಡೆಯುತ್ತದೆ: ಇಂಥ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 13ರ ಇಮ್ಮಡಿಯಿಂದ, ಅಂದರೆ 26ರಿಂದ, ಭಾಗಿಸಿದರೆ ಶೇಷ 1 ಉಳಿಯಬೇಕು. 90ರೊಳಗೆ ಅಂಥವು 27, 53, 79 ಮಾತ್ರ. 27 ಅವಿಭಾಜ್ಯವೇ ಅಲ್ಲ. 53×154 = 8162, ಶೇಷ 29. 79×103 = 8137, ಶೇಷ 54. ಎರಡೇ ಭಾಗಾಕಾರದಲ್ಲಿ 8191 ಅವಿಭಾಜ್ಯ ಎಂದು ಖಾತ್ರಿಯಾಯಿತು.

ಘಾತ ಅವಿಭಾಜ್ಯವಾದ ಮಾತ್ರಕ್ಕೆ ಫಲಿತವೂ ಅವಿಭಾಜ್ಯ ಎಂದುಕೊಳ್ಳಬೇಡಿ. 2ರ 11ನೇ ಘಾತದಿಂದ ಒಂದು ಕಳೆದರೆ 2047, ಅದು 23×89.

ಅಪವರ್ತನಗಳು ಸಿಕ್ಕವೆಂದರೆ ಉಳಿದದ್ದು ಸಲೀಸು. ನಮ್ಮ ಸಂಖ್ಯೆ 2ರ 12ನೇ ಘಾತ × 8191. ಘಾತಗಳಾದ 12 ಮತ್ತು 1ಕ್ಕೆ ಒಂದೊಂದು ಸೇರಿಸಿ ಗುಣಿಸಿ: 13×2 = 26. ಅಷ್ಟು ಭಾಜಕಗಳಿವೆ. ಅವುಗಳ ಮೊತ್ತಕ್ಕೆ ಪಟ್ಟಿ ಬರೆಯುವುದೂ ಬೇಡ. 1, 2, 4 ಎಂದು 4096ರವರೆಗೆ ಕೂಡಿದರೆ 8191. ಅದನ್ನು 1+8191ರಿಂದ ಗುಣಿಸಿದರೆ 6,71,00,672. ಇದರಿಂದ ಮೂಲ ಸಂಖ್ಯೆಯನ್ನು ಕಳೆಯಿರಿ. ಉಳಿಯುವುದು ಮತ್ತೆ 3,35,50,336!

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮವಾದರೆ ಅದು ಪರಿಪೂರ್ಣ ಸಂಖ್ಯೆ. 6, 28, 496, 8128ರ ನಂತರದ ಐದನೆಯದು ಇದೇ. ಇವೆಲ್ಲ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೊಟ್ಟ ಸೂತ್ರಕ್ಕೆ (2ರ ಒಂದು ಘಾತ × ಅದರ ಇಮ್ಮಡಿಗಿಂತ ಒಂದು ಕಡಿಮೆ ಇರುವ ಅವಿಭಾಜ್ಯ) ಒಗ್ಗುವ ಸಮಸಂಖ್ಯೆಗಳು. ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಎಂಬುದು ಇನ್ನೂ ಬಗೆಹರಿದಿಲ್ಲ.

ಕೈ ಪಳಗಲು 8,58,98,69,056 ತೆಗೆದುಕೊಳ್ಳಿ. ಹದಿನಾರು ಸಲ ಅರ್ಧ ಮಾಡಿದರೆ 1,31,071 ಸಿಗುತ್ತದೆ, ಅದು 2ರ 17ನೇ ಘಾತಕ್ಕೆ ಒಂದು ಕಡಿಮೆ. ಈ ಬಾರಿ ಪರೀಕ್ಷಿಸಬೇಕಾದವು ನಾಲ್ಕೇ: 103, 137, 239, 307.