ಟ್ಯಾಂಕರ್‌ನವರಿಗೆ ದಾರಿ ಹೇಳಿದ ಮೇಲೆ ಒಂದ್ಸಲ ವಾಪಸ್ ಹೇಳಿಸಿ

ಬೇಸಿಗೆ ಬಂತು, ಇನ್ನು ನೀರಿನ ಟ್ಯಾಂಕರ್‌ನವರ ಜೊತೆ ಫೋನಲ್ಲಿ ಮಾತು ಜಾಸ್ತಿ, ಅದಕ್ಕೇ ಈ ಸಲಹೆ. 'ಗಣೇಶನ ಗುಡಿ ಹತ್ತಿರ ಎಡಕ್ಕೆ' ಅಂತೀರಿ, ಅವರು 'ಆಯ್ತು ಸಾರ್' ಅಂತಾರೆ. ಯಾವ ಗುಡಿ? ಬೆಂಗಳೂರಲ್ಲಿ ಗಣೇಶನ ಗುಡಿಗೆ ಬರ ಇಲ್ಲ, ಅಲ್ವಾ! 'ಎಲ್ಲಿ ತಿರುಗ್ತೀರಿ, ಹೇಳಿ' ಅಂತ ಸುಮ್ನೆ ಕೇಳಿಬಿಡಿ.

ಹೀಗೆ ಕೇಳೋದು ಯಾಕೆ ಮುಖ್ಯ ಅಂತ ನೋಡಿ: 1986ರಲ್ಲಿ ಮನಶ್ಶಾಸ್ತ್ರಜ್ಞರಾದ ಹರ್ಬರ್ಟ್ ಕ್ಲಾರ್ಕ್ ಮತ್ತು ಡಿಯಾನಾ ವಿಲ್ಕ್ಸ್-ಗಿಬ್ಸ್ ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬರಿಗೊಬ್ಬರು ಕಾಣದ ಜೋಡಿಗಳು 12 ವಿಚಿತ್ರ ಆಕಾರಗಳನ್ನು ಬರೀ ಮಾತಲ್ಲೇ ವಿವರಿಸಿ ಒಂದೇ ಕ್ರಮಕ್ಕೆ ತರಬೇಕಿತ್ತು. ಮೊದಲ ಸುತ್ತಲ್ಲಿ ಉದ್ದುದ್ದ ವಿವರಣೆ, ಅವೇ ಆಕಾರಗಳಿಗೆ 6ನೇ ಸುತ್ತಿನ ಹೊತ್ತಿಗೆ ಕೆಲವೇ ಪದ ಸಾಕಾಯಿತು. ಕೇಳುವವರು ಸುಮ್ಮನೆ ಕೂರಲಿಲ್ಲ, ಪ್ರಶ್ನೆ ಹಾಕಿ, ತಿದ್ದಿ, ಹೇಳುವವರ ಜೊತೆ ಸೇರಿಯೇ ಆಕಾರಗಳಿಗೆ ಇಟ್ಟ ಹೆಸರುಗಳನ್ನು ಒಪ್ಪಿಕೊಂಡರು.

ಹಾಗೇ, ಖಾಯಂ ಡ್ರೈವರ್‌ಗೆ 'ಮಾಮೂಲಿ ಗೇಟು' ಅಂದರೆ ಸಾಕು. ಹೊಸಬರಿಗೆ ಮಾತ್ರ ಮೊದಲಿಂದ ಹೇಳಿ, ಬೇಜಾರು ಮಾಡ್ಕೋಬೇಡಿ. ಜಾಗ ಬದಲಾದರೆ 'ಹಿಂದಿನ ಗೇಟಿಗೆ ಬನ್ನಿ' ಅಂದರಷ್ಟೇ ಸಾಲದು, 'ಮುಂದಿನ ಗೇಟು ಇವತ್ತು ಬೇಡ' ಅಂತ ಹಳೆಯದನ್ನೂ ಬಾಯಿಬಿಟ್ಟು ರದ್ದು ಮಾಡಿ. ವಾಚ್‌ಮನ್‌ಗೂ ತಿಳಿಸಿ, ಅವರು ಆ ಫೋನಲ್ಲಿ ಇರಲಿಲ್ಲ.