ಹತ್ತು ಕೈಯ ಕೋಡಿನಲ್ಲಿ ಜಗಳ ಬಂದಾಗ

ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ, ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್ ಲೆಕ್ಕದಲ್ಲಿ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಕಿಲೋ ಲೆಕ್ಕದಲ್ಲಿ. ಮೂರೂ ದರವನ್ನು ಒಂದೇ ಪರದೆಯಲ್ಲಿ ತೋರಿಸುವ ಪ್ರೋಗ್ರಾಮ್ ಬರೆಯೋಣ ಅಂತ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹತ್ತು ಜನ ಆನ್‌ಲೈನಿನಲ್ಲಿ ಸೇರಿದ್ದಾರೆ ಅಂದುಕೊಳ್ಳಿ. ಇಂಜಿನಿಯರಿಂಗ್ ಓದುತ್ತಿರುವವರು ಕೆಲವರು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು ಕೆಲವರು. ಒಬ್ಬರು ಟೊಮ್ಯಾಟೊ ದರವನ್ನು 15ರಿಂದ ಭಾಗಿಸಿರುತ್ತಾರೆ. ಇನ್ನೊಬ್ಬರಿಗೆ ಅದು ತಪ್ಪಾಗಿ ಕಂಡು, ಯಾರನ್ನೂ ಕೇಳದೆ ರಾತ್ರಿ ತೆಗೆದುಹಾಕುತ್ತಾರೆ. ಬೆಳಿಗ್ಗೆ ಪರದೆಯ ಮೇಲೆ ಟೊಮ್ಯಾಟೊ ಕಿಲೋಗೆ 600 ರೂಪಾಯಿ. ಗುಂಪಿನಲ್ಲಿ ಮಾತು ಕೋಡ್ ಬಿಟ್ಟು ಆಳಿನ ಮೇಲೆ ಹೋಗುವುದಕ್ಕೆ ಹತ್ತು ನಿಮಿಷ ಸಾಕು.

ಜಗಳ ಯಾವ ಬಗೆಯದು ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಕೆಡಿಸಿದ್ದು ಯಾವ ಬದಲಾವಣೆ? ತೀರ್ಮಾನ ಹೇಳಬೇಕಾದವರು ಯಾರು? ಕೋಡ್ ಯಾರದ್ದು? ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಟೆಸ್ಟ್ (ಕೋಡ್ ಸರಿಯಾದ ಉತ್ತರ ಕೊಡುತ್ತದೆಯೇ ಅಂತ ನೋಡುವ ಪರೀಕ್ಷೆ) ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಮರ್ಜ್ ನಿಯಮ (ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸುವವರು ಯಾರು ಅನ್ನುವುದು), ಮೂರನೆಯದಕ್ಕೆ ಲೈಸೆನ್ಸ್ (ಕೋಡ್ ಬಳಸುವ ಷರತ್ತು). ‘ಈ ಸಾಲು ತಪ್ಪು’ ಅಂದವರಿಗೆ ‘ಪ್ರಾಜೆಕ್ಟ್ ಶುರು ಮಾಡಿದ್ದು ನಾನು’ ಅಂತ ಉತ್ತರ ಬಂತೆಂದರೆ, ಒಂದನೆಯ ಬಗೆಯ ಜಗಳ ಮೂರನೆಯದಕ್ಕೆ ಜಾರಿತು ಅಂತ ಅರ್ಥ. ಅಲ್ಲೇ ತಡೆಯಿರಿ.

ಮೊದಲು ಬೆಂಕಿ ಆರಿಸಿ

ಓಡುತ್ತಿರುವ ಪ್ರೋಗ್ರಾಮ್ ಕೆಟ್ಟಿದ್ದರೆ ಚರ್ಚೆ ಆಮೇಲೆ. ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಸಾಧನ ಗಿಟ್; ಹಾಗೆ ದಾಖಲಾದ ಒಂದೊಂದು ಬದಲಾವಣೆಯೂ ಒಂದು ಕಮಿಟ್. ಕೆಡಿಸಿದ ಕಮಿಟ್ ಗೊತ್ತಿದ್ದರೆ ‘ಗಿಟ್ ರಿವರ್ಟ್’ ಕೊಡಿ. ಇದು ಹಳೆಯದನ್ನು ಅಳಿಸುವುದಿಲ್ಲ. ಆ ಬದಲಾವಣೆಯನ್ನು ಉಲ್ಟಾ ಮಾಡುವ ಹೊಸ ಕಮಿಟ್ ಒಂದನ್ನು ಸೇರಿಸುತ್ತದೆ. ಯಾರು, ಯಾವಾಗ, ಏನು ಮಾಡಿದರು ಅನ್ನುವ ದಾಖಲೆ ಹಾಗೇ ಉಳಿಯುತ್ತದೆ. ರಿವರ್ಟ್ ಸಂದೇಶದಲ್ಲಿ ಕಾರಣ ಒಂದೇ ಸಾಲು ಸಾಕು: ‘ಬಾಕ್ಸ್ ದರ ಕಿಲೋ ದರವಾಗಿ ಕಾಣುತ್ತಿದೆ, ಚರ್ಚೆ ಮುಗಿಯುವವರೆಗೆ ಹಿಂದಕ್ಕೆ’.

ಒಂದು ಬ್ರಾಂಚನ್ನು (ಕೋಡಿನ ಕವಲನ್ನು) ಸೇರಿಸಿದ ಮರ್ಜ್ ಕಮಿಟ್ ರಿವರ್ಟ್ ಮಾಡುವಾಗ ಎಡವುವ ಜಾಗ ಒಂದಿದೆ. ಯಾವ ಕವಲನ್ನು ಉಳಿಸಬೇಕೆಂದು ‘ಎಂ 1’ ಆಯ್ಕೆಯಿಂದ ಹೇಳಬೇಕು, ಅದು ಸುಲಭ. ಕಷ್ಟ ಬರುವುದು ಆಮೇಲೆ. ಆ ಬ್ರಾಂಚಿನಲ್ಲಿ ತಪ್ಪು ತಿದ್ದಿ ಮತ್ತೆ ಮರ್ಜ್ ಮಾಡಿದರೆ ಹೊಸ ತಿದ್ದುಪಡಿ ಮಾತ್ರ ಬರುತ್ತದೆ, ಹಳೆಯ ಕೆಲಸ ಬರುವುದಿಲ್ಲ. ಗಿಟ್‌ನ ಲೆಕ್ಕದಲ್ಲಿ ಅದು ಆಗಲೇ ಮರ್ಜ್ ಆಗಿಹೋಗಿದೆ. ಮೊದಲು ರಿವರ್ಟನ್ನೇ ರಿವರ್ಟ್ ಮಾಡಿ, ಆಮೇಲೆ ಮರ್ಜ್ ಮಾಡಬೇಕು. ಇದು ಗೊತ್ತಿಲ್ಲದೆ ‘ನನ್ನ ಕೋಡ್ ಬೇಕೆಂದೇ ತೆಗೆದರು’ ಅನ್ನುವ ಎರಡನೇ ಜಗಳ ಹುಟ್ಟುತ್ತದೆ.

ಯಾರಾದರೂ ಫೋರ್ಸ್ ಪುಶ್ ಮಾಡಿ (ಸರ್ವರ್ ಮೇಲಿದ್ದುದರ ಜಾಗಕ್ಕೆ ತಮ್ಮ ಪ್ರತಿಯನ್ನು ಬಲವಂತವಾಗಿ ಕಳಿಸಿ) ಇತಿಹಾಸವನ್ನೇ ಅಳಿಸಿದ್ದರೆ ಗಾಬರಿ ಬೇಡ, ಆದರೆ ಯಾರೂ ಪುಲ್ ಮಾಡಬೇಡಿ, ಅಂದರೆ ಸರ್ವರ್ ಮೇಲಿನದನ್ನು ಇಳಿಸಿಕೊಳ್ಳಬೇಡಿ. ಇನ್ನೂ ಪುಲ್ ಮಾಡದ ಒಬ್ಬ ಸದಸ್ಯರ ಕಂಪ್ಯೂಟರಿನಲ್ಲಿ ಹಳೆಯದೆಲ್ಲ ಹಾಗೇ ಇರುತ್ತದೆ. ಪುಲ್ ಮಾಡಿದ್ದರೂ, ಬ್ರಾಂಚ್ ಹಿಂದೆ ಎಲ್ಲೆಲ್ಲಿತ್ತು ಅಂತ ಅವರ ಕಂಪ್ಯೂಟರ್ ಬರೆದಿಟ್ಟುಕೊಂಡ ‘ಗಿಟ್ ರಿಫ್ಲಾಗ್’ನಲ್ಲಿ ಸಿಗುತ್ತದೆ: ಸಾಮಾನ್ಯವಾಗಿ 90 ದಿನ, ಆ ಬ್ರಾಂಚಿನ ಈಗಿನ ತುದಿಯಿಂದ ತಲುಪಲಾಗದ ಕಮಿಟ್‌ಗಳಿಗೆ 30 ದಿನ. ಅಲ್ಲಿಂದ ಹೊಸ ಬ್ರಾಂಚ್ ತೆಗೆದು ಸರ್ವರ್‌ಗೆ ಕಳಿಸಿ. ಮುಂದಕ್ಕೆ ಮೇನ್ ಬ್ರಾಂಚಿಗೆ ಫೋರ್ಸ್ ಪುಶ್ ಆಗದಂತೆ ಬೀಗ ಹಾಕಿ. ನಿಮ್ಮ ಸ್ವಂತ ಬ್ರಾಂಚಿನಲ್ಲಿ ಮಾಡಲೇಬೇಕಾದಾಗ ‘ಫೋರ್ಸ್-ವಿತ್-ಲೀಸ್’ ಬಳಸಿ. ನೀವು ಕೊನೆಗೆ ನೋಡಿದ ಮೇಲೆ ಬೇರೆಯವರು ಏನಾದರೂ ಸೇರಿಸಿದ್ದರೆ ಅದು ನಿಲ್ಲಿಸುತ್ತದೆ.

ಕೆಟ್ಟಿದ್ದು ಎಲ್ಲಿ

‘ಗಿಟ್ ಬ್ಲೇಮ್’ ತೋರಿಸುವುದು ಆ ಸಾಲನ್ನು ಕೊನೆಗೆ ಮುಟ್ಟಿದವರನ್ನು, ತಪ್ಪು ಮಾಡಿದವರನ್ನಲ್ಲ. ಯಾರೋ ಫಾರ್ಮ್ಯಾಟರ್ ಓಡಿಸಿ ಇಡೀ ಫೈಲಿನ ಜಾಗ ಸರಿಮಾಡಿದ್ದರೆ ಎಲ್ಲ ಸಾಲಿಗೂ ಅವರದೇ ಹೆಸರು. ಖಾಲಿ ಜಾಗ ಬಿಟ್ಟು ನೋಡಲು ‘ಡಬ್ಲ್ಯು’ ಆಯ್ಕೆ, ಬೇರೆ ಫೈಲಿನಿಂದ ಬಂದ ಸಾಲು ಹುಡುಕಲು ದೊಡ್ಡ ‘ಸಿ’ ಆಯ್ಕೆ ಇದೆ. ಫಾರ್ಮ್ಯಾಟ್ ಮಾತ್ರ ಮಾಡಿದ ಕಮಿಟ್‌ಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಬ್ಲೇಮ್ ಅವನ್ನು ದಾಟಿಹೋಗುವಂತೆ ಮಾಡಬಹುದು, ಗಿಟ್ 2.23, ಅಂದರೆ 2019ರಿಂದ ಈ ಸೌಲಭ್ಯವಿದೆ. ‘15’ ಅನ್ನುವ ಅಂಕಿ ಕೋಡಿಗೆ ಯಾವಾಗ ಬಂತು, ಯಾವಾಗ ಹೋಯಿತು ಅಂತ ತಿಳಿಯಲು ‘ಗಿಟ್ ಲಾಗ್’ ಜೊತೆ ದೊಡ್ಡ ‘ಎಸ್’ ಆಯ್ಕೆ ಬ್ಲೇಮ್‌ಗಿಂತ ಒಳ್ಳೆಯ ಸಾಕ್ಷಿ.

ಯಾವ ಕಮಿಟ್‌ನಿಂದ ಕೆಟ್ಟಿತೆಂದೇ ಗೊತ್ತಿಲ್ಲದಿದ್ದರೆ ‘ಗಿಟ್ ಬೈಸೆಕ್ಟ್’. ಒಂದು ಒಳ್ಳೆಯ ಕಮಿಟ್, ಒಂದು ಕೆಟ್ಟ ಕಮಿಟ್ ತೋರಿಸಿ; ಪ್ರತಿ ಸಲ ಅರ್ಧಕ್ಕೆ ಇಳಿಸುತ್ತದೆ. 1,000 ಕಮಿಟ್ ಇದ್ದರೂ ಸುಮಾರು 10 ಪರೀಕ್ಷೆಗೆ ಸಿಗುತ್ತದೆ. ಇಲ್ಲಿ ಯಾರ ಮೇಲೂ ಅನುಮಾನ ಪಡದೆ ಉತ್ತರ ಬರುವುದರಿಂದ, ಬಿಸಿಯೇರಿದ ಗುಂಪಿನಲ್ಲಿ ಬ್ಲೇಮ್‌ಗೆ ಮುಂಚೆ ಬೈಸೆಕ್ಟ್ ಮಾಡುವುದೇ ಮೇಲು.

ಆಮೇಲೆ ವಾದದ ವಿಷಯವನ್ನು ಟೆಸ್ಟ್ ಆಗಿ ಬರೆಯಿರಿ: ಬಾಕ್ಸಿಗೆ 600 ರೂಪಾಯಿ ಅಂದರೆ ಕಿಲೋಗೆ 40, ಕ್ವಿಂಟಲ್‌ಗೆ 4,000. ಎರಡೂ ಕಡೆಯವರು ಟೆಸ್ಟ್ ಒಪ್ಪಿದ ಮೇಲೆ ಕೋಡ್ ಮುಟ್ಟಿ. ಟೆಸ್ಟ್‌ನಲ್ಲಿರುವ ಅಂಕಿಯೇ ಒಪ್ಪಿಗೆಯಾಗದಿದ್ದರೆ ಅದು ಪ್ರೋಗ್ರಾಮರ್‌ಗಳು ತೀರ್ಮಾನಿಸುವ ಮಾತಲ್ಲ, ಮಂಡಿಯವರನ್ನು ಕೇಳಿ. ‘ದರ’ ಅಂತ ಮಾತ್ರ ಹೆಸರಿಟ್ಟ ವೇರಿಯಬಲ್ (ಕೋಡಿನಲ್ಲಿ ಅಂಕಿ ಇಡುವ ಜಾಗ) ಇರುವವರೆಗೆ ಈ ಜಗಳ ಮತ್ತೆ ಬರುತ್ತದೆ. ‘ಬಾಕ್ಸ್ ದರ’, ‘ಕಿಲೋ ದರ’ ಅಂತ ಅಳತೆಯನ್ನು ಹೆಸರಿನಲ್ಲೇ ಸೇರಿಸಿ. ಹಣವನ್ನು ದಶಾಂಶದಲ್ಲಿಡದೆ ಪೈಸೆಯ ಪೂರ್ಣಾಂಕವಾಗಿ ಇಡಿ.

ಜಗಳವೇ ಅಲ್ಲದ ಜಗಳ

ಕನ್ನಡ ಪಠ್ಯವಿರುವ ಕೋಡಿನಲ್ಲಿ ಅರ್ಧ ತಕರಾರು ಕಣ್ಣಿಗೆ ಕಾಣದ ಅಕ್ಷರಗಳಿಂದ ಬರುತ್ತದೆ. ‘ಟೊಮ್ಯಾಟೊ’ ತೆಗೆದುಕೊಳ್ಳಿ. ಅದರಲ್ಲಿರುವ ಒತ್ವ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊತ್ವದ ಗುರುತುಗಳು ಸೇರಿ ಎರಡಾಗಿಯೂ ಇರಬಹುದು. ಓತ್ವ ಬಿಡಿಸಿದರೆ ಮೂರಾಗುತ್ತದೆ. ಪರದೆಯಲ್ಲಿ ಎಲ್ಲ ಒಂದೇ, ಹೋಲಿಸಿದರೆ ಬೇರೆ. ಒಬ್ಬರ ಕಂಪ್ಯೂಟರಿನಲ್ಲಿ ಹುಡುಕಾಟ ನಡೆಯುತ್ತದೆ, ಇನ್ನೊಬ್ಬರಲ್ಲಿ ನಡೆಯುವುದಿಲ್ಲ, ಇಬ್ಬರೂ ‘ನನ್ನದು ಸರಿ’ ಅನ್ನುತ್ತಾರೆ. ಒಳಬರುವ ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ಯೂನಿಕೋಡ್ ರೂಪಕ್ಕೆ ತಂದೇ ಉಳಿಸಿ. ‘ರ‍್ಯಾಂಕ್’ನಂಥ ಪದದಲ್ಲಿ ಕೂತಿರುವ ಕಾಣದ ಜಾಯ್ನರ್ (ಅಕ್ಷರ ಕೂಡುವ ರೀತಿ ಹೇಳುವ ಗುರುತು) ಅನ್ನು ಮಾತ್ರ ಕಸವೆಂದು ಗುಡಿಸಬೇಡಿ, ಅಕ್ಷರದ ರೂಪ ಕೆಡುತ್ತದೆ. ಟೊಮ್ಯಾಟೊ, ಟೊಮೆಟೊ, ಟೊಮೇಟೊ ಅಂತ ಮೂರು ಕಾಗುಣಿತ ಮೂವರು ಬರೆಯುವುದಂತೂ ಖಂಡಿತ; ಬೆಳೆಗೆ ನಂಬರ್ ಕೊಟ್ಟು, ಹೆಸರನ್ನು ತೋರಿಸುವುದಕ್ಕೆ ಮಾತ್ರ ಇಟ್ಟುಕೊಳ್ಳಿ.

ಇನ್ನೊಂದು, ಸಾಲಿನ ಕೊನೆ. ವಿಂಡೋಸ್ ಮತ್ತು ಲಿನಕ್ಸ್ ಸಾಲು ಮುಗಿಸುವ ರೀತಿ ಬೇರೆ. ಒಂದು ಅಕ್ಷರ ತಿದ್ದಿದರೂ ಇಡೀ ಫೈಲ್ ಬದಲಾದಂತೆ ಕಂಡರೆ ಕಾರಣ ಇದೇ. ‘ಡಾಟ್ ಗಿಟ್‌ಆಟ್ರಿಬ್ಯೂಟ್ಸ್’ ಫೈಲಿನಲ್ಲಿ ಟೆಕ್ಸ್ಟ್ ಆಟೋ ಅಂತ ಒಂದು ಸಾಲು ಹಾಕಿ.

ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿ ನಿಜವಾದ ಮರ್ಜ್ ಕಾನ್‌ಫ್ಲಿಕ್ಟ್ ಬಂದಾಗ ಗಿಟ್ ಇಬ್ಬರ ಸಾಲನ್ನೂ ತೋರಿಸುತ್ತದೆ, ಇಬ್ಬರೂ ಎಲ್ಲಿಂದ ಹೊರಟರು ಅಂತ ತೋರಿಸುವುದಿಲ್ಲ. ಕಾನ್‌ಫ್ಲಿಕ್ಟ್ ಶೈಲಿಯನ್ನು ‘ಡಿಫ್3’ಗೆ ಬದಲಿಸಿದರೆ ಮೂಲವೂ ನಡುವೆ ಕಾಣುತ್ತದೆ. ರೀಬೇಸ್ ಮಾಡುವಾಗ (ನಿಮ್ಮ ಕೆಲಸವನ್ನು ಇನ್ನೊಂದು ಬ್ರಾಂಚಿನ ಮೇಲೆ ಹೊಸದಾಗಿ ಕೂರಿಸುವಾಗ) ‘ಅವರ್ಸ್’ (ನಮ್ಮದು) ಮತ್ತು ‘ದೇರ್ಸ್’ (ಅವರದು) ಅದಲುಬದಲಾಗಿರುತ್ತವೆ: ಅಲ್ಲಿ ಅವರ್ಸ್ ಅಂದರೆ ನೀವು ಯಾವುದರ ಮೇಲೆ ರೀಬೇಸ್ ಮಾಡುತ್ತಿದ್ದೀರೋ ಅದು. ಬೇರೆಯವರ ಕೆಲಸ ‘ತಾನಾಗಿ’ ಮಾಯವಾಗುವುದು ಬಹಳ ಸಲ ಇಲ್ಲೇ.

ಯಾರದ್ದು ಅನ್ನುವ ಪ್ರಶ್ನೆ

ಲೈಸೆನ್ಸ್ ಫೈಲ್ ಇಲ್ಲದ ಕೋಡ್ ಪಹಣಿ ಇಲ್ಲದ ಜಮೀನಿನಂತೆ. ಉಳುವವರು ಬೇಕಾದಷ್ಟು ಜನ, ಹಕ್ಕು ಕೇಳಿದರೆ ಕಾಗದವಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದೆ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಹತ್ತು ಜನ ಬರೆದರೆ ಹತ್ತು ಜನ ಹಕ್ಕುದಾರರು. ಕೋಡನ್ನು ಎಲ್ಲರಿಗೂ ಕಾಣುವಂತೆ ಇಟ್ಟ ಮಾತ್ರಕ್ಕೆ ಬಳಸಲು ಅನುಮತಿ ಕೊಟ್ಟಂತಲ್ಲ. ನಾಳೆ ಲೈಸೆನ್ಸ್ ಬದಲಿಸಬೇಕೆಂದರೆ ಸಾಮಾನ್ಯವಾಗಿ ಒಬ್ಬೊಬ್ಬರ ಒಪ್ಪಿಗೆಯೂ ಬೇಕು. ಅದಕ್ಕೆ ಮೊದಲ ಕಮಿಟ್‌ನಲ್ಲೇ ಲೈಸೆನ್ಸ್ ಇಡಿ.

ಯಾವುದು? ಯಾವ ಕಂಪನಿ ಬಳಸಿದರೂ ಬೇಸರವಿಲ್ಲ, ಹೆಸರು ಉಳಿದರೆ ಸಾಕು ಅಂದರೆ ಎಂಐಟಿ ಲೈಸೆನ್ಸ್. ಪೇಟೆಂಟ್ ಮಾತೂ ಬರಹದಲ್ಲಿ ಇರಲಿ ಅಂದರೆ ಅಪಾಚೆ 2.0. ಬದಲಿಸಿ ಹಂಚುವವರು ತಮ್ಮ ಬದಲಾವಣೆಯನ್ನೂ ಬಿಚ್ಚಿಡಬೇಕು ಅಂದರೆ ಜಿಪಿಎಲ್ 3. ಆದರೆ ಮಂಡಿ ದರದ ಪ್ರೋಗ್ರಾಮ್ ಸರ್ವರ್ ಮೇಲೆ ಓಡುವಂಥದ್ದು; ಸರ್ವರ್‌ನಲ್ಲಿ ಓಡಿಸುವುದು ಹಂಚಿದಂತಲ್ಲವಾದ್ದರಿಂದ ಜಿಪಿಎಲ್ ಅಲ್ಲಿ ಹಿಡಿಯುವುದಿಲ್ಲ. ಆ ಕಿಂಡಿ ಮುಚ್ಚುವುದು ಎಜಿಪಿಎಲ್ 3. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋನಿಂದ ತಂದ ತುಣುಕು ಕ್ರಿಯೇಟಿವ್ ಕಾಮನ್ಸ್ ಶೇರ್‌ಅಲೈಕ್ ಷರತ್ತಿನದು, ಅಂದರೆ ಬದಲಿಸಿ ಹಂಚಿದರೂ ಅದೇ ಷರತ್ತು; ಎಂಐಟಿ ಪ್ರಾಜೆಕ್ಟಿನೊಳಗೆ ಸುಮ್ಮನೆ ಅಂಟಿಸಬೇಡಿ, ಓದಿಕೊಂಡು ನೀವೇ ಬರೆಯಿರಿ.

ಕೆಲಸದಲ್ಲಿರುವವರು ತಮ್ಮ ನೇಮಕಾತಿ ಪತ್ರ ತೆಗೆದು ನೋಡಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ ಕೆಲಸದ ಭಾಗವಾಗಿ ಬರೆದದ್ದಕ್ಕೆ ಮೊದಲ ಹಕ್ಕುದಾರ ಮಾಲೀಕರೇ ಅಂತ ಅದೇ ಕಾಯಿದೆಯ 17ನೇ ಸೆಕ್ಷನ್ ಹೇಳುತ್ತದೆ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಇಮೇಲ್ ಇಲ್ಲಿ ಬೇಡ. ವಿದ್ಯಾರ್ಥಿಗಳ ಮಿನಿ ಪ್ರಾಜೆಕ್ಟಿನ ಕೋಡ್ ತರುವುದಾದರೆ ಆ ತಂಡದ ಎಲ್ಲರೂ ಒಪ್ಪಿರಬೇಕು, ತಂದವರೊಬ್ಬರು ಮಾತ್ರ ಅಲ್ಲ. ಲಿನಕ್ಸ್ ಕರ್ನಲ್ 2004ರಿಂದ ಇದಕ್ಕೊಂದು ಸರಳ ದಾರಿ ಇಟ್ಟುಕೊಂಡಿದೆ: ಪ್ರತಿ ಕಮಿಟ್‌ಗೂ ‘ಸೈನ್ಡ್ ಆಫ್ ಬೈ’ ಸಾಲು, ಅಂದರೆ ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂಬ ಮಾತು. ಕಮಿಟ್ ಮಾಡುವಾಗ ಸಣ್ಣ ‘ಎಸ್’ ಆಯ್ಕೆ ಕೊಟ್ಟರೆ ಗಿಟ್ ತಾನೇ ಬರೆಯುತ್ತದೆ.

ಹೆಸರಿನ ವಿಷಯದಲ್ಲಿ ಜಿಪುಣತನ ಬೇಡ. ಜೂನಿಯರ್ ಬರೆದದ್ದನ್ನು ಕಾಪಿ ಮಾಡಿ ಅಂಟಿಸಿದರೆ ಅವರ ಹೆಸರು ಹೋಗುತ್ತದೆ; ‘ಚೆರ್ರಿ ಪಿಕ್’ ಮಾಡಿದರೆ (ಅವರ ಕಮಿಟನ್ನೇ ಎತ್ತಿ ತಂದರೆ) ಲೇಖಕರಾಗಿ ಉಳಿಯುತ್ತದೆ. ಇಬ್ಬರು ಕೂತು ಬರೆದಿದ್ದರೆ ಸಂದೇಶದ ಕೊನೆಗೆ ‘ಕೋ ಆಥರ್ಡ್ ಬೈ’ ಸಾಲು ಹಾಕಿ.

ತೀರ್ಮಾನ ಯಾರದ್ದು

ಮರ್ಜ್ ಹಕ್ಕು ಇಬ್ಬರಿಗಾದರೂ ಇರಲಿ, ಬರೆದವರೇ ತಮ್ಮದನ್ನು ಮರ್ಜ್ ಮಾಡುವಂತಿಲ್ಲ. ಅಭಿಪ್ರಾಯಕ್ಕೆ 3 ದಿನ ಅಂತಲೋ 7 ದಿನ ಅಂತಲೋ ಒಂದು ಗಡುವು ಬರೆದಿಡಿ. ಇಬ್ಬರು ಒಪ್ಪದಿದ್ದರೆ ಮೂರನೆಯವರು ಯಾರು ಅನ್ನುವುದನ್ನೂ ಜಗಳವಿಲ್ಲದ ದಿನವೇ ಹೆಸರು ಸಮೇತ ಬರೆಯಿರಿ. ವಾಟ್ಸ್ಯಾಪ್‌ನಲ್ಲಿ ಆದ ತೀರ್ಮಾನ ಒಂದು ವಾರಕ್ಕೆ ಯಾರಿಗೂ ಸಿಗುವುದಿಲ್ಲ. ಪ್ರಾಜೆಕ್ಟಿನ ಇಶ್ಯೂಗೆ (ತಕರಾರು, ಚರ್ಚೆ ದಾಖಲಿಸುವ ಪುಟಕ್ಕೆ) ನಾಲ್ಕು ಸಾಲಿನಲ್ಲಿ ಇಳಿಸಿದರೆ ಮಾತ್ರ ಅದು ತೀರ್ಮಾನ.

ನಮ್ಮ ಕಡೆ ಸೀನಿಯರ್‌ಗಳನ್ನು ‘ಸಾರ್’, ‘ಅಣ್ಣ’ ಅಂದುಕೊಂಡೇ ಬೆಳೆದವರು ಅವರ ಕೋಡಿನಲ್ಲಿ ತಪ್ಪು ಕಂಡರೂ ಬಾಯಿ ಬಿಡುವುದಿಲ್ಲ. ಇದಕ್ಕೆ ಉಪದೇಶ ನಾಟುವುದಿಲ್ಲ. ಸೀನಿಯರ್ ಬರೆದದ್ದಕ್ಕೆ ಜೂನಿಯರ್ ಒಬ್ಬರ ಒಪ್ಪಿಗೆ ಕಡ್ಡಾಯ ಅಂತ ನಿಯಮ ಮಾಡಿ. ತಪ್ಪು ಹೇಳುವುದು ಆಗ ಅವರ ಕೆಲಸವಾಗುತ್ತದೆ, ಅಧಿಕಪ್ರಸಂಗವಾಗುವುದಿಲ್ಲ. ‘ಏನ್ ಗುರು ಇದು’ ಅನ್ನುವ ಬದಲು ‘42ನೇ ಸಾಲಿನಲ್ಲಿ ಬಾಕ್ಸ್ ಖಾಲಿ ಬಂದರೆ ಏನಾಗುತ್ತೆ ಸಾರ್?’ ಅಂತ ಕೇಳುವುದನ್ನು ರೂಢಿ ಮಾಡಿ.

ಹೊಸಬರು ಮರ್ಜ್ ಹಕ್ಕಿಗಾಗಿ ಒತ್ತಾಯ ಮಾಡುತ್ತಿದ್ದರೆ, ಬೇರೆ ಅಪರಿಚಿತ ಖಾತೆಗಳೂ ಅದಕ್ಕೆ ದನಿಗೂಡಿಸುತ್ತಿದ್ದರೆ, ನಿಧಾನಿಸಿ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ಸಾಧನದ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗಲು ಇಟ್ಟ ದಾರಿ) ಹೀಗೇ, ದಣಿದ ನಿರ್ವಾಹಕರ ಮೇಲೆ ಒತ್ತಡ ತಂದು ವರ್ಷಗಟ್ಟಲೆ ನಂಬಿಕೆ ಗಳಿಸಿದ ಖಾತೆಯಿಂದ ಬಂದದ್ದು.

ಬೇರೆಯಾಗುವುದಾದರೆ

ಫೋರ್ಕ್ ಮಾಡುವುದು, ಅಂದರೆ ಕೋಡಿನ ಪ್ರತಿ ತೆಗೆದುಕೊಂಡು ಬೇರೆ ಪ್ರಾಜೆಕ್ಟ್ ನಡೆಸುವುದು, ದ್ರೋಹವಲ್ಲ, ಲೈಸೆನ್ಸೇ ಕೊಟ್ಟ ಹಕ್ಕು. ಸರ್ವರ್ ಮೇಲೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಿಂದ 2014ರ ಕೊನೆಗೆ ಐಓ ಜೆಎಸ್ ಸಿಡಿದು ಹೋಗಿ, 2015ರಲ್ಲಿ ಮತ್ತೆ ಒಂದಾಯಿತು. ಫೋರ್ಕ್ ಮಾಡಿದವರಿಗೆ ಕೋಡ್ ಸಿಗುತ್ತದೆ. ಹೆಸರು, ಲೋಗೋ, ಡೊಮೈನ್ ಸಿಗುವುದಿಲ್ಲ. ಹಳೆಯ ಹಕ್ಕುಸ್ವಾಮ್ಯದ ಸಾಲುಗಳನ್ನು ಅಳಿಸುವಂತೆಯೂ ಇಲ್ಲ. ಬಿಟ್ಟು ಹೋಗುವವರು ‘ನನ್ನ ಕೋಡ್ ವಾಪಸ್ ಕೊಡಿ’ ಅಂದರೆ ಲೈಸೆನ್ಸ್ ಓದಿ: ಜಿಪಿಎಲ್ 3 ಮತ್ತು ಅಪಾಚೆ 2.0 ಎರಡರಲ್ಲೂ ಕೊಟ್ಟ ಅನುಮತಿ ಹಿಂಪಡೆಯಲಾಗದ್ದು ಅಂತ ಬರೆದೇ ಇದೆ. ಎಂಐಟಿಯಲ್ಲಿ ಆ ಮಾತು ಇಲ್ಲ.

ನೀವು ಅವಲಂಬಿಸಿದ ಬೇರೆಯವರ ಪ್ಯಾಕೇಜ್ (ಸಿದ್ಧ ಕೋಡ್) ಜಗಳದಲ್ಲಿ ಮಾಯವಾಗಬಹುದು. 2016ರಲ್ಲಿ ಹೆಸರಿನ ತಕರಾರಿನಿಂದ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವರು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದಾಗ ಅದನ್ನು ನಂಬಿದ್ದ ಎಷ್ಟೋ ಪ್ರಾಜೆಕ್ಟುಗಳ ಬಿಲ್ಡ್ ನಿಂತುಹೋಯಿತು. ಯಾವ ಪ್ಯಾಕೇಜಿನ ಯಾವ ಆವೃತ್ತಿ ಅಂತ ಬರೆದಿರುವ ಲಾಕ್ ಫೈಲನ್ನೂ ಕಮಿಟ್ ಮಾಡಿ, ಮುಖ್ಯ ಪ್ಯಾಕೇಜುಗಳ ಪ್ರತಿ ಇಟ್ಟುಕೊಳ್ಳಿ.

ಖಾತೆಗಳ ಪಟ್ಟಿ ಮೊದಲೇ ಮಾಡಿರಿ. ರೆಪಾಸಿಟರಿ (ಕೋಡ್ ಇಟ್ಟಿರುವ ಜಾಗ) ಒಬ್ಬರ ಕಾಲೇಜ್ ಇಮೇಲ್‌ನಲ್ಲಿದ್ದರೆ ಪಾಸಾದ ಮೇಲೆ ಆ ಇಮೇಲ್ ಮುಚ್ಚಬಹುದು. ಸಂಸ್ಥೆಯ ಖಾತೆಗೆ ಸಾಗಿಸಿ ಇಬ್ಬರನ್ನು ಓನರ್ ಮಾಡಿ. ಡೊಮೈನ್ ಯಾರ ಹೆಸರಿನಲ್ಲಿದೆ, ಒಟಿಪಿ ಯಾರ ಫೋನಿಗೆ ಬರುತ್ತದೆ ಅಂತಲೂ ಬರೆದಿಡಿ. ಒಬ್ಬರು ಹೊರಟ ದಿನ, ಸ್ನೇಹದಿಂದ ಹೊರಟರೂ ಸರಿ, ಡೇಟಾಬೇಸ್ ಪಾಸ್‌ವರ್ಡ್ ಮತ್ತು ಎಪಿಐ ಕೀಗಳನ್ನು (ಬೇರೆ ಸೇವೆಗಳನ್ನು ಬಳಸಲು ಪ್ರೋಗ್ರಾಮ್ ತೋರಿಸುವ ಗುಟ್ಟಿನ ಸಂಕೇತಗಳನ್ನು) ಬದಲಿಸಿ. ಕೀ ಇದ್ದ ಫೈಲನ್ನು ಅಳಿಸಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ ಅದು ಇನ್ನೂ ಇದೆ. ಬದಲಿಸಿದ ಮೇಲೆ ಹಳೆಯ ಕೀಯನ್ನೇ ಒಮ್ಮೆ ಹಾಕಿ, ಸರ್ವರ್ ಒಳಗೆ ಬಿಡುವುದಿಲ್ಲ ಅನ್ನುವುದನ್ನು ನೋಡಿಕೊಳ್ಳಿ.